ಬೇಸಿಗೆ ಸಂಶೋಧನೆಗೆ ಹೋದ ಮಕ್ಕಳು: ಮೂರನೆಯ ವಾರದಲ್ಲಿ ಅವರ ಮನಸ್ಸಿಗೆ ಏನಾಗುತ್ತದೆ?

ಭಾನುವಾರದ ಪೂಜೆಯ ಬಳಿಕ ನಮ್ಮ ಚರ್ಚುಗಳಲ್ಲಿ ಓದುವ ಪ್ರಕಟಣೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೊಸ ಬಗೆಯದೊಂದು ಸೇರಿಕೊಂಡಿದೆ. ಹಿಂದೆ ರ‍್ಯಾಂಕ್ ಬಂದವರ, ಸರ್ಕಾರಿ ಕೆಲಸ ಸಿಕ್ಕಿದವರ ಹೆಸರು ಓದುತ್ತಿದ್ದರು. ಈಗ ಮಾರ್ಚ್, ಏಪ್ರಿಲ್ ಬಂತೆಂದರೆ "ನಮ್ಮ ಧರ್ಮಕೇಂದ್ರದ ಇಂಥವರ ಮಗಳು ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ವಿಜ್ಞಾನಿಗಳ ಜೊತೆ ಕೆಲಸ ಮಾಡಲು ಆಯ್ಕೆಯಾಗಿದ್ದಾಳೆ" ಎಂಬ ಮಾತೂ ಕೇಳಿಬರುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ವಾರ್ಡಿನ ಗುರಿಕಾರರು ಮನೆಗೆ ಹೋಗಿ ಅಭಿನಂದಿಸುತ್ತಾರೆ. ತಂದೆ ಗಲ್ಫ್‌ನಲ್ಲಿದ್ದರೆ ಅಲ್ಲಿಗೂ ಸುದ್ದಿ ಮುಟ್ಟುತ್ತದೆ.

ಅಂಥ ಚಪ್ಪಾಳೆ ಪಡೆದ ಹುಡುಗಿಯೊಬ್ಬಳು ಜೂನ್ ಮೊದಲ ವಾರದಲ್ಲಿ ಯಾರಿಗೂ ಹೇಳದೆ ರಾತ್ರಿ ಬಸ್ಸು ಹತ್ತಿ ಊರಿಗೆ ಮರಳಿದಳು. ಆಮೇಲಿನ ಎರಡು ಭಾನುವಾರ ಅವಳು ಚರ್ಚಿಗೆ ಬರಲಿಲ್ಲ. ತಾಯಿ ನೆರೆಹೊರೆಯವರಿಗೆ "ಜ್ವರ" ಎಂದರು. ಜ್ವರ ಇರಲಿಲ್ಲ. ಅವಳು ಮೂರು ವಾರದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ, ಒಂದು ಹೊತ್ತು ಊಟ ಮಾತ್ರ ಮಾಡುತ್ತಿದ್ದಳು, ಮತ್ತು "ನನ್ನನ್ನು ತಪ್ಪಿ ಆಯ್ಕೆ ಮಾಡಿದ್ದಾರೆ" ಎಂದು ಖಚಿತವಾಗಿ ನಂಬಿದ್ದಳು. ಅವಳ ಮತ್ತು ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ನಾವು ಇದನ್ನು ಬರೆಯುತ್ತಿದ್ದೇವೆ. ಇಂತಹ ಮಕ್ಕಳು ನಮ್ಮ ನಡುವೆ ಇನ್ನೂ ಇದ್ದಾರೆ. ಆದರೆ ಈ ಕಾರ್ಯಕ್ರಮಗಳೆಂದರೆ ಏನು, ಅಲ್ಲಿ ಮಕ್ಕಳು ಯಾವ ಸ್ಥಿತಿಯಲ್ಲಿ ಇರುತ್ತಾರೆ ಎಂಬುದು ಮನೆಯವರಿಗೂ ಯುವಜನರ ನಡುವೆ ಕೆಲಸ ಮಾಡುವ ನಮ್ಮಂಥವರಿಗೂ ಅಷ್ಟಾಗಿ ತಿಳಿದಿಲ್ಲ.

ಮೊದಲು ಈ ಕಾರ್ಯಕ್ರಮಗಳ ಬಗ್ಗೆ ಎರಡು ಮಾತು. ನಮ್ಮ ದೇಶದಲ್ಲಿ ಇವುಗಳಲ್ಲಿ ಹೆಚ್ಚು ಪರಿಚಿತವಾದುದು ಮೂರು ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ನಡೆಸಿಕೊಂಡು ಬಂದಿರುವ ಬೇಸಿಗೆ ಸಂಶೋಧನಾ ಫೆಲೋಶಿಪ್. ಸರ್ ಸಿ.ವಿ. ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಮತ್ತು ಪ್ರಯಾಗರಾಜ್‌ನ ಅಕಾಡೆಮಿ ಇವೇ ಆ ಮೂರು. ಆಯ್ಕೆಯಾದ ವಿದ್ಯಾರ್ಥಿಗಳನ್ನು ದೇಶದ ನಾನಾ ಕಡೆ ಇರುವ ವಿಜ್ಞಾನಿಗಳ ಬಳಿ ಎರಡು ತಿಂಗಳಿಗೆ ಕಳುಹಿಸಲಾಗುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ತನ್ನದೇ ಬೇಸಿಗೆ ಫೆಲೋಶಿಪ್ ಇದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕೂಡ ಬೇಸಿಗೆಯಲ್ಲಿ ವಿದ್ಯಾರ್ಥಿಗಳನ್ನು ಕರೆಸಿಕೊಳ್ಳುತ್ತದೆ. ಐಐಟಿಗಳಲ್ಲಿ, ಐಸರ್‌ಗಳಲ್ಲಿ ಇನ್ನೂ ಅನೇಕ ಅವಕಾಶಗಳಿವೆ. ಕೆನಡಾದ ಮಿಟಾಕ್ಸ್, ಜರ್ಮನಿಯ ಡಿಎಎಡಿ ಇಂತಹ ಸಂಸ್ಥೆಗಳ ಮೂಲಕ ವಿದೇಶಕ್ಕೆ ಹೋಗುವವರೂ ಇದ್ದಾರೆ. ಪದವಿ ಅಥವಾ ಸ್ನಾತಕೋತ್ತರ ಪದವಿ ಓದುತ್ತಿರುವಾಗಲೇ ನಿಜವಾದ ಪ್ರಯೋಗಾಲಯವನ್ನು ಒಳಗಿನಿಂದ ನೋಡುವ ಅವಕಾಶ ಇದು. ಸಣ್ಣ ಊರಿನ ಕಾಲೇಜಿನ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಬಾಗಿಲು ಬೇರೊಂದಿಲ್ಲ ಎಂದರೂ ತಪ್ಪಾಗದು. ಹಾಗಾಗಿ "ಹೋಗಬೇಡಿ" ಎಂದು ಹೇಳಲು ನಾವು ಈ ಲೇಖನ ಬರೆಯುತ್ತಿಲ್ಲ. ಹೋಗಲೇಬೇಕು. ಆದರೆ ಏನು ಎದುರಾಗುತ್ತದೆ ಎಂದು ತಿಳಿದು ಹೋಗಬೇಕು.

ಎಂಟು ವಾರದ ಲೆಕ್ಕ

ಎರಡು ತಿಂಗಳು ಎಂದರೆ ಮನೆಯಲ್ಲಿ ಕುಳಿತವರಿಗೆ ಬಹಳ ದಿನ ಅನ್ನಿಸುತ್ತದೆ. ಪ್ರಯೋಗಾಲಯದಲ್ಲಿ ಅದು ಏನೇನೂ ಅಲ್ಲ. ಮೊದಲ ವಾರ ಗುರುತಿನ ಚೀಟಿ, ಹಾಸ್ಟೆಲ್ ಕೊಠಡಿ, ಸುರಕ್ಷತೆಯ ಪಾಠ ಇವುಗಳಲ್ಲಿ ಕಳೆದುಹೋಗುತ್ತದೆ. ಎರಡನೆಯ ವಾರ ಓದಲು ಹತ್ತಾರು ಸಂಶೋಧನಾ ಪ್ರಬಂಧಗಳನ್ನು ಕೊಡುತ್ತಾರೆ. ಅವುಗಳ ಭಾಷೆ ಪಠ್ಯಪುಸ್ತಕದ ಭಾಷೆಯಲ್ಲ. ಮೊದಲ ಪ್ರಬಂಧದ ಮೊದಲ ಪುಟ ದಾಟಲು ಒಂದು ದಿನ ಬೇಕಾಗುತ್ತದೆ. ಮೂರನೆಯ ವಾರ ಕೈಗೆ ಉಪಕರಣ ಬರುತ್ತದೆ, ಮತ್ತು ಆ ವಾರದಲ್ಲಿ ಸಾಮಾನ್ಯವಾಗಿ ಯಾವುದೂ ಸರಿಯಾಗಿ ನಡೆಯುವುದಿಲ್ಲ. ತರಿಸಿದ ರಾಸಾಯನಿಕ ಬಂದಿರುವುದಿಲ್ಲ. ಬರೆದ ಕಂಪ್ಯೂಟರ್ ಪ್ರೋಗ್ರಾಂ ಓಡುವುದಿಲ್ಲ, ಓಡಿದರೆ ತಪ್ಪು ಉತ್ತರ ಕೊಡುತ್ತದೆ. ಉಪಕರಣದ ಸರದಿ ರಾತ್ರಿ ಒಂಬತ್ತಕ್ಕೆ ಸಿಗುತ್ತದೆ. ಏಳನೆಯ ವಾರದಿಂದ ವರದಿ ಬರೆಯುವ ಗಡಿಬಿಡಿ. ಹೀಗೆ ಕಳೆಯುತ್ತ ಹೋದರೆ ನಿಜವಾದ ಸಂಶೋಧನೆಗೆ ಉಳಿಯುವುದು ಮೂರು, ಹೆಚ್ಚೆಂದರೆ ನಾಲ್ಕು ವಾರ.

ಒಬ್ಬ ಪಿಎಚ್.ಡಿ. ವಿದ್ಯಾರ್ಥಿಗೆ ಐದಾರು ವರ್ಷ ಹಿಡಿಯುವ ಕೆಲಸದ ಒಂದು ತುಂಡನ್ನು ನಾಲ್ಕು ವಾರದಲ್ಲಿ ಮುಗಿಸಲು ಆಗದಿರುವುದು ಸಹಜ. ಪ್ರಯೋಗಾಲಯದ ಮುಖ್ಯಸ್ಥರಿಗೆ ಅದು ಗೊತ್ತು. ಅವರು ಹುಡುಗಿಯಿಂದ ಫಲಿತಾಂಶವನ್ನು ನಿರೀಕ್ಷಿಸಿರುವುದೂ ಇಲ್ಲ. ಅವಳು ಹೇಗೆ ಯೋಚಿಸುತ್ತಾಳೆ, ಏನನ್ನು ಕೇಳುತ್ತಾಳೆ ಎಂದು ನೋಡುತ್ತಿರುತ್ತಾರೆ. ಆದರೆ ಇದನ್ನು ಬಾಯಿಬಿಟ್ಟು ಅವಳಿಗೆ ಹೇಳುವವರು ಕಡಿಮೆ. ಎಲ್ಲರಿಗೂ ಗೊತ್ತಿರುವ ಸಂಗತಿ ಎಂದು ಬಿಟ್ಟುಬಿಡುತ್ತಾರೆ. ಅವಳಿಗೆ ಮಾತ್ರ ಗೊತ್ತಿರುವುದಿಲ್ಲ.

ನಮ್ಮ ಹುಡುಗಿಯ ವಿಷಯಕ್ಕೆ ಬರೋಣ. ಬ್ಯಾಕ್ಟೀರಿಯಾ ಒಂದರೊಳಗೆ ಹೊರಗಿನ ಡಿಎನ್ಎ ತುಂಡನ್ನು ಸೇರಿಸುವುದು ಅವಳಿಗೆ ಕೊಟ್ಟ ಕೆಲಸ. ಅದಕ್ಕೆಂದೇ ಸಿದ್ಧಪಡಿಸಿದ ಬ್ಯಾಕ್ಟೀರಿಯಾಗಳನ್ನು ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಫ್ರೀಜರಿನಲ್ಲಿ ಇಟ್ಟಿರುತ್ತಾರೆ. ಅವುಗಳಿಗೆ ಡಿಎನ್ಎ ಸೇರಿಸಿ, ತಟ್ಟೆಯಲ್ಲಿ ಹರಡಿ, ರಾತ್ರಿಯಿಡೀ 37 ಡಿಗ್ರಿ ಬಿಸಿಯಲ್ಲಿಟ್ಟರೆ ಬೆಳಿಗ್ಗೆ ಸಾಸಿವೆ ಕಾಳಿನಂಥ ಬಿಳಿ ಚುಕ್ಕೆಗಳು ಎದ್ದಿರಬೇಕು. ಅವಳ ತಟ್ಟೆ ಮೊದಲ ದಿನವೂ ಖಾಲಿ, ಎರಡನೆಯ ಸಲವೂ ಖಾಲಿ, ಐದನೆಯ ಸಲವೂ ಖಾಲಿ. ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಹೋಗಿ ಖಾಲಿ ತಟ್ಟೆ ನೋಡುವುದು ಅವಳ ದಿನಚರಿಯಾಯಿತು. ಪಕ್ಕದ ಮೇಜಿನಲ್ಲಿ ದೊಡ್ಡ ನಗರದ ಕಾಲೇಜಿನಿಂದ ಬಂದ ಹುಡುಗ ಗುಂಪಿನ ಸಭೆಯಲ್ಲಿ ಪಟಪಟನೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ. ಇವಳು ಬಾಯಿ ತೆರೆಯಲಿಲ್ಲ. ತನ್ನ ಕೈಯೇ ಸರಿಯಿಲ್ಲ ಎಂದುಕೊಂಡಳು. ಒಂದು ರಾತ್ರಿ ಬ್ಯಾಗು ತುಂಬಿಸಿ ಹೊರಟಳು.

ಅವಳು ಮರಳಿ ಹದಿನೈದು ದಿನ ಕಳೆದ ಮೇಲೆ ಅಲ್ಲಿನ ಹಿರಿಯ ವಿದ್ಯಾರ್ಥಿನಿಯಿಂದ ಒಂದು ಸಂದೇಶ ಬಂತು. ಫ್ರೀಜರ್ ಮೇ ತಿಂಗಳಲ್ಲಿ ಒಮ್ಮೆ ಕೆಟ್ಟು, ಆ ಬ್ಯಾಕ್ಟೀರಿಯಾಗಳೆಲ್ಲ ಕರಗಿ ಮತ್ತೆ ಗಟ್ಟಿಯಾಗಿದ್ದವಂತೆ. ಅವು ಹಾಗೆ ಕರಗಿದರೆ ಕೆಲಸಕ್ಕೆ ಬರುವುದಿಲ್ಲ. ಆ ಪೆಟ್ಟಿಗೆಯಿಂದ ತೆಗೆದ ಯಾರ ತಟ್ಟೆಯಲ್ಲಿಯೂ ಏನೂ ಬೆಳೆದಿರಲಿಲ್ಲ. ಉಳಿದವರು "ಸೆಲ್ಸ್ ಹೋಗಿವೆ" ಎಂದು ಗೊಣಗಿ, ಚಹಾ ಕುಡಿದು, ಹೊಸದನ್ನು ತಯಾರಿಸಲು ತೊಡಗಿದ್ದರು. ಅದೇ ಖಾಲಿ ತಟ್ಟೆಯನ್ನು ನೋಡಿ ಅವರು ಫ್ರೀಜರನ್ನು ಬೈದರು, ಇವಳು ತನ್ನನ್ನೇ ಬೈದುಕೊಂಡಳು.

ಹೀಗೇಕೆ ಆಗುತ್ತದೆ ಎಂಬುದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಹೆಸರಿದೆ. ಅಮೆರಿಕದ ಪೌಲಿನ್ ಕ್ಲಾನ್ಸ್ ಮತ್ತು ಸುಝಾನ್ ಇಮ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು 1978ರಲ್ಲಿ ಇದನ್ನು 'ಇಂಪೋಸ್ಟರ್' ಭಾವನೆ ಎಂದು ಕರೆದರು. ಓದಿನಲ್ಲಿ, ಕೆಲಸದಲ್ಲಿ ಎತ್ತರಕ್ಕೆ ಏರಿದ ಮಹಿಳೆಯರಲ್ಲಿ ಅವರು ಇದನ್ನು ಕಂಡಿದ್ದರು. ಎಷ್ಟೇ ಸಾಧಿಸಿದರೂ "ನಾನು ಇದಕ್ಕೆ ಯೋಗ್ಯಳಲ್ಲ, ಹೇಗೋ ಎಲ್ಲರ ಕಣ್ಣಿಗೆ ಮಣ್ಣೆರಚಿ ಇಲ್ಲಿಗೆ ಬಂದಿದ್ದೇನೆ, ಇವತ್ತಲ್ಲ ನಾಳೆ ಸಿಕ್ಕಿಬೀಳುತ್ತೇನೆ" ಎಂಬ ಅಂಜಿಕೆ. ಇದು ಗಂಡಸರಲ್ಲಿಯೂ ಇದೆ ಎಂಬುದು ಆಮೇಲಿನ ಅಧ್ಯಯನಗಳಿಂದ ತಿಳಿದುಬಂತು. ಇದು ಕಾಯಿಲೆಯಲ್ಲ, ವೈದ್ಯರ ರೋಗಪಟ್ಟಿಯಲ್ಲಿ ಇದಿಲ್ಲ. ಆದರೆ ನಿದ್ದೆಗೆಟ್ಟು, ಒಂಟಿಯಾಗಿ, ಮನೆಯಿಂದ ದೂರವಿರುವ ಇಪ್ಪತ್ತು ವರ್ಷದವರಲ್ಲಿ ಇದು ಬೇರೂರಿದರೆ ಖಿನ್ನತೆಗೆ, ಆತಂಕದ ಕಾಯಿಲೆಗೆ ದಾರಿಯಾಗಬಹುದು.

ನಮ್ಮ ಕಡೆಯ ಮಕ್ಕಳಿಗೆ ಇದು ತುಸು ಹೆಚ್ಚೇ ತಟ್ಟುತ್ತದೆ ಎಂಬುದು ನಮ್ಮ ಅನಿಸಿಕೆ. ಒಂದನೆಯ ತರಗತಿಯಿಂದ ಪದವಿಯವರೆಗೆ ತರಗತಿಗೆ ಮೊದಲಿಗರಾಗಿ ಬಂದವರು ಇವರು. ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಇದ್ದೇ ಇರುತ್ತದೆ ಎಂಬುದನ್ನು ಹದಿನೈದು ವರ್ಷ ಕಲಿತವರು. ಉತ್ತರ ಬಾರದಿದ್ದರೆ ಓದಿಲ್ಲ ಎಂದೇ ಅರ್ಥ. ಈಗ ಇದ್ದಕ್ಕಿದ್ದಂತೆ, ಉತ್ತರ ಯಾರಿಗೂ ಗೊತ್ತಿಲ್ಲದ ಪ್ರಶ್ನೆಯ ಮುಂದೆ ನಿಲ್ಲಿಸಿದರೆ ಅವರಿಗೆ ತಿಳಿದಿರುವ ಒಂದೇ ಅರ್ಥ ಹಳೆಯದು: ನಾನು ಫೇಲ್. ಪ್ರಯೋಗ ವಿಫಲವಾಗುವುದಕ್ಕೂ ತಾನು ವಿಫಲವಾಗುವುದಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಶಾಲೆಗಳು ಕಲಿಸಿರುವುದಿಲ್ಲ. ನಾವು ಚರ್ಚಿನಲ್ಲಿ ತಟ್ಟುವ ಚಪ್ಪಾಳೆಯೂ ಆ ಭಾರಕ್ಕೆ ಒಂದಿಷ್ಟು ಸೇರಿಸುತ್ತದೆ.

ಕಲಿಸುವವರ ಸ್ಥಿತಿ

ಬೇಸಿಗೆ ವಿದ್ಯಾರ್ಥಿಯನ್ನು ದಿನದಿನ ನೋಡಿಕೊಳ್ಳುವವರು ಪ್ರಾಧ್ಯಾಪಕರಲ್ಲ. ಅವರು ವಾರಕ್ಕೊಮ್ಮೆ ಸಿಕ್ಕರೆ ಪುಣ್ಯ. ಹೆಚ್ಚಿನ ಕಡೆ ಒಬ್ಬ ಪಿಎಚ್.ಡಿ. ವಿದ್ಯಾರ್ಥಿಯ ಕೈಗೆ ಇವರನ್ನು ಒಪ್ಪಿಸಿರುತ್ತಾರೆ. ಆ ಹಿರಿಯರ ಸ್ಥಿತಿ ಹೇಗಿದೆ? 'ನೇಚರ್ ಬಯೋಟೆಕ್ನಾಲಜಿ' ಎಂಬ ವಿಜ್ಞಾನ ಪತ್ರಿಕೆ 2018ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿತು. 26 ದೇಶಗಳ 2,279 ಮಂದಿ ಅದಕ್ಕೆ ಉತ್ತರಿಸಿದ್ದರು. ಅವರಲ್ಲಿ ಹೆಚ್ಚಿನವರು ಪಿಎಚ್.ಡಿ. ಮಾಡುತ್ತಿದ್ದವರು. 41 ಶೇಕಡ ಮಂದಿಯಲ್ಲಿ ಮಧ್ಯಮದಿಂದ ತೀವ್ರ ಮಟ್ಟದ ಆತಂಕ, 39 ಶೇಕಡ ಮಂದಿಯಲ್ಲಿ ಅದೇ ಮಟ್ಟದ ಖಿನ್ನತೆ ಕಂಡುಬಂತು. ಇಷ್ಟವಿದ್ದವರು ಮಾತ್ರ ಉತ್ತರಿಸಿದ ಸಮೀಕ್ಷೆ ಅದು, ಆದುದರಿಂದ ಜಗತ್ತಿನ ಎಲ್ಲ ಸಂಶೋಧನಾ ವಿದ್ಯಾರ್ಥಿಗಳಿಗೂ ಅದೇ ಅಂಕಿಯನ್ನು ಹಚ್ಚುವಂತಿಲ್ಲ. ಆದರೂ ಒಂದು ಮಾತು ಅದರಲ್ಲಿ ಸ್ಪಷ್ಟವಿತ್ತು: ಮಾರ್ಗದರ್ಶಕರ ಜೊತೆ ಒಳ್ಳೆಯ ಸಂಬಂಧವಿದ್ದವರಲ್ಲಿ ಇಂತಹ ತೊಂದರೆ ಕಡಿಮೆ ಇತ್ತು.

ಅಂದರೆ, ಮುಳುಗುತ್ತಿರುವವರ ಕೈಗೆ ಈಜು ಕಲಿಯಲು ಬಂದವರನ್ನು ಒಪ್ಪಿಸಿದ ಹಾಗೆ ಕೆಲವು ಕಡೆ ಆಗುತ್ತದೆ. ತನ್ನದೇ ಪ್ರಬಂಧ ತಿರಸ್ಕೃತವಾಗಿ ಬಂದ ದಿನ ಆ ಹಿರಿಯ ಹುಡುಗ ಸಿಡಿಮಿಡಿಗೊಂಡರೆ, ಬೇಸಿಗೆ ವಿದ್ಯಾರ್ಥಿನಿ "ನನ್ನಿಂದ ಅವರಿಗೆ ಬೇಸರವಾಗಿದೆ" ಎಂದು ರಾತ್ರಿಯಿಡೀ ಅಳುತ್ತಾಳೆ. ಒಳ್ಳೆಯ ಹಿರಿಯರು ಬೇಕಾದಷ್ಟು ಮಂದಿ ಇದ್ದಾರೆ. ಜೀವನಪೂರ್ತಿ ನೆನೆಯುವಂತಹ ಅಕ್ಕಂದಿರನ್ನು, ಅಣ್ಣಂದಿರನ್ನು ಅಲ್ಲಿ ಪಡೆದ ಮಕ್ಕಳು ನಮಗೆ ಗೊತ್ತು. ಆದರೆ ಯಾರ ಕೈಗೆ ಯಾರು ಸಿಗುತ್ತಾರೆ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು. ಸಂಶೋಧನೆಯ ವಿಷಯ ಮಾತ್ರ ನೋಡಿ ಜಾಗ ಆರಿಸಿಕೊಳ್ಳುವ ಬದಲು, ಹಿಂದಿನ ವರ್ಷ ಅಲ್ಲಿಗೆ ಹೋಗಿ ಬಂದವರೊಬ್ಬರನ್ನು ಹುಡುಕಿ "ಅಲ್ಲಿ ಕಲಿಸುವವರು ಹೇಗೆ?" ಎಂದು ಕೇಳಿಕೊಳ್ಳುವುದು ಲೇಸು.

ಹಾಸ್ಟೆಲಿನ ಒಂಟಿತನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ರಜೆಯ ದಿನಗಳಾದುದರಿಂದ ಕೆಲವು ಕಡೆ ಕ್ಯಾಂಪಸ್ ಅರ್ಧ ಖಾಲಿ. ಮೀನು ಸಾರು ಇಲ್ಲದ ಊಟ ನಮ್ಮವರಿಗೆ ಒಂದು ವಾರ ತಮಾಷೆ, ಮೂರನೆಯ ವಾರ ಅದೇ ಅಳುವಿಗೆ ಕಾರಣ. ಹಣದ ವಿಷಯ ಬೇರೆ. ಶಿಷ್ಯವೇತನ ಇದೆ ಎಂದು ಮನೆಯಲ್ಲಿ ಹೇಳಿ ಹೋಗಿರುತ್ತಾರೆ; ಅದು ಕೈಗೆ ಬರುವುದು ಹಲವು ಕಡೆ ವರದಿ ಒಪ್ಪಿಸಿದ ಮೇಲೆ. ನಡುವೆ ಖರ್ಚಿಗೆ ಕೇಳಲು ನಾಚಿಕೆಯಾಗಿ ಮಧ್ಯಾಹ್ನದ ಊಟ ಬಿಡುವವರನ್ನು ನಾವು ಕಂಡಿದ್ದೇವೆ. ಹೊರಡುವ ಮೊದಲೇ ಎರಡು ತಿಂಗಳ ಖರ್ಚನ್ನು ಕೈಯಲ್ಲಿಟ್ಟು ಕಳುಹಿಸಿದರೆ ಈ ಒಂದು ಚಿಂತೆಯಾದರೂ ತಪ್ಪುತ್ತದೆ. ವಿದೇಶಕ್ಕೆ ಹೋದವರಿಗೆ ಇದೆಲ್ಲದರ ಜೊತೆ ಹೊತ್ತಿನ ವ್ಯತ್ಯಾಸವೂ ಸೇರುತ್ತದೆ. ಅವರಿಗೆ ಮಾತಾಡಬೇಕೆನಿಸುವ ಸಂಜೆಯ ಹೊತ್ತಿಗೆ ಇಲ್ಲಿ ಎಲ್ಲರೂ ಮಲಗಿರುತ್ತಾರೆ. ಮಿಟಾಕ್ಸ್ ಅವಧಿ 12 ವಾರ ಎಂಬುದನ್ನೂ ಗಮನಿಸಬೇಕು.

ಇವರು ಯಾರ ವಿದ್ಯಾರ್ಥಿಗಳು?

ಎಲ್ಲಕ್ಕಿಂತ ಮುಖ್ಯವಾದ, ಆದರೆ ಯಾರೂ ಕೇಳದ ಪ್ರಶ್ನೆ ಇದು. ಮಗು ಓದುವ ಕಾಲೇಜಿಗೆ ಮೇ ತಿಂಗಳಲ್ಲಿ ರಜೆ. ಅಲ್ಲಿನ ಆಪ್ತಸಮಾಲೋಚಕಿಯೂ ರಜೆಯಲ್ಲಿ. ಹೋದ ಸಂಸ್ಥೆಯಲ್ಲಿ ಇವರು ಅತಿಥಿಗಳು; ಹಾಜರಿ ಪಟ್ಟಿಯಲ್ಲಿ ಹೆಸರಿಲ್ಲ, ತರಗತಿ ಇಲ್ಲ, ಕಾಣದಿದ್ದರೆ ಕೇಳುವವರಿಲ್ಲ. ಎರಡು ದಿನ ಕೊಠಡಿಯಿಂದ ಹೊರಬಾರದಿದ್ದರೆ "ಊರಿಗೆ ಹೋಗಿರಬೇಕು" ಎಂದುಕೊಳ್ಳುತ್ತಾರೆ. ನಮ್ಮ ಹುಡುಗಿ ಹೊರಟುಹೋದದ್ದು ಅಲ್ಲಿನವರಿಗೆ ತಿಳಿದದ್ದು ಮೂರನೆಯ ದಿನ.

ಕಾನೂನು ಈಚೆಗೆ ಒಂದು ಹೆಜ್ಜೆ ಮುಂದೆ ಇಟ್ಟಿದೆ. ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ 17ರ ಹರೆಯದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2025ರ ಜುಲೈ 25ರಂದು ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿ ನೀಡಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ತರಬೇತಿ ಪಡೆದ ಒಬ್ಬ ಸಮಾಲೋಚಕರಾದರೂ ಇರಬೇಕು, ಸಹಾಯವಾಣಿಯ ಸಂಖ್ಯೆಗಳನ್ನು ಹಾಸ್ಟೆಲುಗಳಲ್ಲಿ ಎದ್ದು ಕಾಣುವಂತೆ ಹಾಕಬೇಕು ಎಂದು ಅದರಲ್ಲಿದೆ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 13,044 ಮಂದಿ. ಇವರಲ್ಲಿ ಶಾಲಾ ಮಕ್ಕಳಿಂದ ಹಿಡಿದು ಎಲ್ಲರೂ ಸೇರಿದ್ದಾರೆ. ಬೇಸಿಗೆ ಸಂಶೋಧನೆಗೆ ಹೋದವರನ್ನು ಬೇರೆಯಾಗಿ ಎಣಿಸಿದ ಲೆಕ್ಕವಲ್ಲ ಅದು. ನ್ಯಾಯಾಲಯ ಇಷ್ಟು ಗಟ್ಟಿಯಾಗಿ ಏಕೆ ಮಾತಾಡಿತು ಎಂಬುದು ಮಾತ್ರ ಅದರಿಂದ ತಿಳಿಯುತ್ತದೆ.

ದೊಡ್ಡ ಸಂಸ್ಥೆಗಳಲ್ಲಿ ಸಮಾಲೋಚನಾ ಕೇಂದ್ರಗಳಿವೆ. ಆದರೆ ಎರಡು ತಿಂಗಳಿಗೆ ಬಂದವರು "ಅದು ನಮಗಲ್ಲ, ಇಲ್ಲಿಯ ವಿದ್ಯಾರ್ಥಿಗಳಿಗೆ" ಎಂದುಕೊಂಡು ಅತ್ತ ಸುಳಿಯುವುದಿಲ್ಲ. ಅದಕ್ಕೆ ನಾವು ಈಗ ಹೊರಡುವ ಪ್ರತಿಯೊಬ್ಬರಿಗೂ ಹೇಳುವುದಿದೆ: ತಲುಪಿದ ಮೊದಲ ದಿನ, ಗುರುತಿನ ಚೀಟಿ ಮಾಡಿಸುವ ಹೊತ್ತಿಗೇ, "ಬೇಸಿಗೆ ವಿದ್ಯಾರ್ಥಿಗಳು ಸಮಾಲೋಚಕರನ್ನು ನೋಡಬಹುದೇ?" ಎಂದು ಕೇಳಿ, ಸಮಯ ಮತ್ತು ಕೊಠಡಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಚೆನ್ನಾಗಿರುವಾಗ ಕೇಳುವುದು ಸುಲಭ. ಹದಗೆಟ್ಟ ಮೇಲೆ ಅದೇ ಪ್ರಶ್ನೆ ಬಾಯಿಗೆ ಬರುವುದಿಲ್ಲ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಪ್ರಯೋಗಾಲಯದಲ್ಲಿ ಯಾರಾದರೂ ಅಸಭ್ಯವಾಗಿ ನಡೆದುಕೊಂಡರೆ, "ಎರಡು ತಿಂಗಳು ತಾನೇ" ಎಂದು ನುಂಗಿಕೊಳ್ಳುವ ಅಗತ್ಯವಿಲ್ಲ. 2013ರ ಕಾಯಿದೆಯ ಪ್ರಕಾರ ಪ್ರತಿ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಬೇಕು. ಖಾಯಂ ನೌಕರರಲ್ಲದವರು, ತರಬೇತಿಗೆ ಬಂದವರು ಕೂಡ ದೂರು ಕೊಡಬಹುದು. ಘಟನೆ ನಡೆದ ಮೂರು ತಿಂಗಳ ಒಳಗೆ ದೂರು ಸಲ್ಲಿಸಬೇಕು ಎಂಬುದು ನೆನಪಿರಲಿ. ಊರಿಗೆ ಮರಳಿದ ಬಳಿಕವೂ ಅವಕಾಶವಿರುತ್ತದೆ.

ಬೇಸರ ಯಾವುದು, ಕಾಯಿಲೆ ಯಾವುದು?

ಮೊದಲ ವಾರದ ಮನೆ ನೆನಪು, ಪ್ರಯೋಗ ಕೆಟ್ಟ ದಿನದ ಬೇಸರ ಇವೆಲ್ಲ ಬಂದು ಹೋಗುವಂಥವು. ವೈದ್ಯರು ನೋಡುವುದು ಅವಧಿಯನ್ನು. ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು, ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಮನಸ್ಸು ಕುಸಿದೇ ಇದ್ದರೆ, ಹಿಂದೆ ಇಷ್ಟವಾಗುತ್ತಿದ್ದ ಯಾವುದರಲ್ಲಿಯೂ ರುಚಿ ಇಲ್ಲವಾದರೆ, ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆ ಕೆಟ್ಟಿದ್ದರೆ ಅದನ್ನು ಖಿನ್ನತೆ ಎಂದು ಶಂಕಿಸಿ ವೈದ್ಯರಿಗೆ ತೋರಿಸಬೇಕು. ಎದೆ ಡವಡವ, ಕೈ ನಡುಕ, ಪ್ರಯೋಗಾಲಯದ ಬಾಗಿಲ ಬಳಿ ಹೋದಂತೆ ಹೊಟ್ಟೆ ತೊಳಸುವುದು, ಇವು ಆತಂಕದ ಗುರುತುಗಳು. ಎಂಟು ವಾರದ ಕಾರ್ಯಕ್ರಮದಲ್ಲಿ ಎರಡು ವಾರ ಎಂದರೆ ಕಾಲು ಭಾಗ. "ಮುಗಿಸಿಕೊಂಡು ಬರಲಿ, ಆಮೇಲೆ ನೋಡೋಣ" ಎನ್ನುವಷ್ಟರಲ್ಲಿ ಬಹಳ ದೂರ ಹೋಗಿರುತ್ತದೆ.

ನಿಮ್ಹಾನ್ಸ್ ಸಂಸ್ಥೆ 12 ರಾಜ್ಯಗಳಲ್ಲಿ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ 10.6 ಶೇಕಡ ಮಂದಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅಂದರೆ ಹತ್ತರಲ್ಲಿ ಒಬ್ಬರು. ನಮ್ಮ ಪ್ರತಿ ವಾರ್ಡಿನಲ್ಲಿ, ಪ್ರತಿ ಬೆಂಚಿನಲ್ಲಿ ಎಂದೂ ಹೇಳಬಹುದು. ಚಿಕಿತ್ಸೆ ಸಿಗದವರ ಪ್ರಮಾಣ ಕಾಯಿಲೆಯಿಂದ ಕಾಯಿಲೆಗೆ 70 ಶೇಕಡದಿಂದ 92 ಶೇಕಡದವರೆಗೆ ಇತ್ತು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಲು ನಾಚಿಕೆಪಡದ ನಾವು ಇದಕ್ಕೆ ಮಾತ್ರ ಜ್ವರ ಎಂದು ಹೆಸರಿಡುತ್ತೇವೆ.

ಮನೆಯವರು ಏನು ಮಾಡಬಹುದು? ದಿನವೂ ಫೋನು ಮಾಡುತ್ತೇವೆ ಎಂದು ಎಲ್ಲರೂ ಹೇಳುತ್ತಾರೆ. ನಿಜ. ಆದರೆ ಕೇಳುವುದು ಏನನ್ನು? "ಊಟ ಆಯಿತಾ?" ಎಂದರೆ "ಆಯಿತು ಮಮ್ಮಿ" ಎಂಬ ಉತ್ತರ ಸಿದ್ಧವಿದೆ. "ಪ್ರಾಜೆಕ್ಟ್ ಹೇಗಾಗ್ತಿದೆ?" ಎಂದು ತಂದೆ ಕೇಳಿದರೆ "ಗುಡ್ ಪಪ್ಪಾ" ಎಂಬ ಉತ್ತರ ಸಿದ್ಧವಿದೆ. ಆ ಹುಡುಗಿಯ ತಾಯಿ ಈಗ ನಮಗೆ ಹೇಳುವುದು, "ಯಾರ ಜೊತೆ ಊಟ ಮಾಡಿದೆ ಎಂದು ಒಂದು ದಿನ ಕೇಳಿದ್ದರೂ ನನಗೆ ಗೊತ್ತಾಗುತ್ತಿತ್ತು" ಎಂದು. ಮೂರು ವಾರ ಅವಳು ಒಬ್ಬಳೇ ಊಟ ಮಾಡಿದ್ದಳು. ಇವತ್ತು ಏನು ಕೆಟ್ಟುಹೋಯಿತು ಎಂದೂ ನಗುತ್ತಾ ಕೇಳಬಹುದು. ಕೆಟ್ಟುಹೋಗುವುದು ಅಲ್ಲಿಯ ದಿನನಿತ್ಯದ ಮಾತು ಎಂದು ಮನೆಯವರಿಗೂ ಗೊತ್ತಿದೆ ಎಂದು ತಿಳಿದರೆ ಮಕ್ಕಳ ಬಾಯಿ ಸಡಿಲವಾಗುತ್ತದೆ. "ನಿನಗಾಗಿ ಎಷ್ಟು ಕಷ್ಟಪಟ್ಟಿದ್ದೇವೆ", "ಇಡೀ ಊರಿಗೆ ಹೇಳಿದ್ದೇವೆ" ಎಂಬ ಮಾತುಗಳನ್ನು ಆ ಎರಡು ತಿಂಗಳು ಪೆಟ್ಟಿಗೆಯಲ್ಲಿ ಬೀಗ ಹಾಕಿಡಿ.

ಚರ್ಚಿನ ಯುವ ಸಂಘಟನೆಗಳಲ್ಲಿ, ವಾರ್ಡುಗಳಲ್ಲಿ ಕೆಲಸ ಮಾಡುವವರಿಗೂ ಒಂದು ಮಾತಿದೆ. ಕಷ್ಟ ಹೇಳಿಕೊಂಡು ಬಂದ ಮಗುವಿಗೆ "ಪ್ರಾರ್ಥನೆ ಮಾಡು, ಸರಿಹೋಗುತ್ತದೆ" ಎಂದು ಹೇಳಿ ಕಳುಹಿಸಿದರೆ ಅದು ಇನ್ನೊಮ್ಮೆ ಬರುವುದಿಲ್ಲ. ಪ್ರಾರ್ಥನೆ ಬೇಡ ಎನ್ನುತ್ತಿಲ್ಲ, ಕಾಲು ಮುರಿದವನಿಗೆ ನಾವು ಪ್ರಾರ್ಥನೆಯ ಜೊತೆ ಆಟೋ ಕೂಡ ಕರೆಸುತ್ತೇವಷ್ಟೇ. ಮೊದಲು ಪೂರ್ತಿ ಕೇಳಿಸಿಕೊಳ್ಳಿ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಲು ಹೆದರಬೇಡಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳುವಳಿಕೆ. ಯಾರೋ ಕೇಳಿದರಲ್ಲ ಎಂದು ಹಗುರಾಗುವವರೇ ಹೆಚ್ಚು. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ದೂರದಲ್ಲಿದ್ದರೆ ಅಲ್ಲಿ ಯಾರಾದರೊಬ್ಬರು ಜೊತೆಗೆ ಬಂದು ಕೂರುವವರೆಗೆ ಫೋನು ಇಡಬೇಡಿ, ಅದೇ ದಿನ ವೈದ್ಯರ ಬಳಿ ಮುಟ್ಟಿಸಿ.

ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಆರಂಭವಾಯಿತು. ಸಂಖ್ಯೆ 14416. ಹಗಲು ರಾತ್ರಿ, ಹಣವಿಲ್ಲದೆ, ಕನ್ನಡದಲ್ಲಿಯೂ ಮಾತಾಡಬಹುದು. ಮಕ್ಕಳು ಮಾತ್ರವಲ್ಲ, ಏನು ಮಾಡಬೇಕೆಂದು ತೋಚದ ತಂದೆ ತಾಯಿಯೂ ಕರೆ ಮಾಡಬಹುದು. ಊರಿಗೆ ಮರಳಿದವರಿಗೆ ಜಿಲ್ಲಾ ಆಸ್ಪತ್ರೆಯಲ್ಲಿಯೂ ನಮ್ಮ ಕರಾವಳಿಯ ವೈದ್ಯಕೀಯ ಕಾಲೇಜುಗಳಲ್ಲಿಯೂ ಮನೋರೋಗ ವಿಭಾಗಗಳಿವೆ.

ಕೆಲವು ಹೆತ್ತವರು ಸಮಾಲೋಚಕರ ಮೇಲೆ ಸಿಟ್ಟಾಗುವುದುಂಟು: "ಮಗ ಏನು ಹೇಳಿದ ಎಂದು ನಮಗೇ ಹೇಳುವುದಿಲ್ಲ." 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಅದರಂತೆ ಚಿಕಿತ್ಸೆಯ ವಿವರಗಳ ಗುಟ್ಟು ಕಾಪಾಡಬೇಕು. 18 ತುಂಬಿದವರ ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಮನೆಯವರಿಗೆ ಹೇಳುವಂತಿಲ್ಲ, ಜೀವಕ್ಕೆ ಅಪಾಯವಿರುವಂತಹ ಸಂದರ್ಭದ ಹೊರತು. ಮನೆಗೆ ಗೊತ್ತಾಗುವುದಿಲ್ಲ ಎಂಬ ಧೈರ್ಯದಿಂದಲೇ ಎಷ್ಟೋ ಮಕ್ಕಳು ಮೊದಲ ಸಲ ಬಾಯಿ ಬಿಡುತ್ತಾರೆ. ಆರೋಗ್ಯ ವಿಮೆ ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ಅನ್ವಯಿಸಬೇಕು ಎಂಬುದೂ ಇದೇ ಕಾಯಿದೆಯಲ್ಲಿದೆ.

ನಡುವೆ ಬಿಟ್ಟು ಬಂದರೆ ಏನಾಗುತ್ತದೆ ಎಂದು ಆ ಹುಡುಗಿ ಬಹಳ ಹೆದರಿದ್ದಳು. ಹೇಳದೆ ಬಂದದ್ದು ತಪ್ಪು, ಅದನ್ನು ಅವಳೂ ಒಪ್ಪುತ್ತಾಳೆ. ಮಾರ್ಗದರ್ಶಕರಿಗೆ ಕ್ಷಮೆ ಕೇಳಿ, ಆರೋಗ್ಯ ಸರಿಯಿರಲಿಲ್ಲ ಎಂದು ನಾಲ್ಕು ಸಾಲು ಬರೆದಳು. ಒಂದೇ ದಿನದಲ್ಲಿ ಉತ್ತರ ಬಂತು: ಮೊದಲು ಗುಣವಾಗಲಿ, ಬೇಕಿದ್ದರೆ ಡಿಸೆಂಬರ್ ರಜೆಯಲ್ಲಿ ಬರಬಹುದು ಎಂದು. ಅವಳು ಹೋಗಲಿಲ್ಲ. ವೈದ್ಯರ ಬಳಿ ಆರು ತಿಂಗಳು ಚಿಕಿತ್ಸೆ ಪಡೆದು ಎಂ.ಎಸ್ಸಿ. ಮುಗಿಸಿ ಈಗ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಾಳೆ. ಸಂಶೋಧನೆಗೆ ಮತ್ತೆ ಹೋಗುವ ಯೋಚನೆ ಇದೆಯೇ ಎಂದು ಕೇಳಿದೆವು. "ಗೊತ್ತಿಲ್ಲ" ಎಂದಳು.

ಈ ವರ್ಷ ನಮ್ಮ ಧರ್ಮಕೇಂದ್ರದಿಂದ ಇಬ್ಬರು ಹೋಗುವವರಿದ್ದಾರೆ. ಇಬ್ಬರನ್ನೂ ಅವಳ ಬಳಿ ಕಳುಹಿಸಿದ್ದೆವು. ಎರಡು ಗಂಟೆ ಕುಳಿತು ಮಾತಾಡಿದರಂತೆ. ಫೋನಿನಲ್ಲಿ 14416 ಸಂಖ್ಯೆಯನ್ನು ಅವಳೇ ಹಾಕಿಸಿಕೊಟ್ಟಿದ್ದಾಳೆ. ಹೊರಡುವ ದಿನದಿಂದ ಎಣಿಸಿ ಮೂರನೆಯ ವಾರದ ಬುಧವಾರ ರಾತ್ರಿ ತಾನೇ ಫೋನು ಮಾಡುವುದಾಗಿಯೂ ಹೇಳಿದ್ದಾಳೆ. ಚರ್ಚಿನಲ್ಲಿ ಹೆಸರು ಓದುವುದನ್ನು ಮರಳಿ ಬಂದ ಮೇಲೆ ಇಟ್ಟುಕೊಳ್ಳೋಣ ಎಂದು ಆ ಇಬ್ಬರೂ ಕೇಳಿಕೊಂಡಿದ್ದಾರೆ. ಗುರಿಕಾರರು ಒಪ್ಪಿದ್ದಾರೆ.